ಐದು ಫೈಲುಗಳ ಪಾಠ

ನಾಲ್ಕನೆಯ ಫೈಲು ತನ್ನ ಜಾಗದಲ್ಲಿ ಕೂತಿತು. ಡಿಸ್ಕನ್ನು ಹೊರತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಯಂತ್ರವನ್ನು ಮತ್ತೆ ಶುರು ಮಾಡಿದೆ. ಅದು ಗೊರಗುಟ್ಟಿತು, ಒಂದು ಹೆಜ್ಜೆ ಮುಂದೆ ಹೋಯಿತು, ಮತ್ತೆ ನಿಂತಿತು. ಈ ಸಲ ಕಪ್ಪು ಪರದೆಯ ಮೇಲೆ ಐದನೆಯ ಫೈಲಿನ ಹೆಸರು ಹಾಕಿ, ಇದು ಸಿಗುತ್ತಿಲ್ಲ ಎಂದಿತು.

ಬರುವುದು ಅದೇ ಹೆಸರು ಎಂದು ನನಗೆ ಮೊದಲೇ ಗೊತ್ತಿತ್ತು.

“ಇನ್ನೆಷ್ಟು ಹೊತ್ತು ಡಿಸ್ಕಕ್ಕಾ?” ಎಂದು ಹಿಂದಿನಿಂದ ಇನ್ಸ್‌ಪೆಕ್ಟರ್ ಕೇಳಿದರು. ಸಿಗರೇಟು ಬಿಟ್ಟು ಮೂರು ತಿಂಗಳಾಗಿತ್ತು. ಅಂದಿನಿಂದ ಲವಂಗ ಅಗಿಯುತ್ತಾರೆ, ಎಲ್ಲರ ತಲೆ ತಿನ್ನುತ್ತಾರೆ. ಸ್ವಲ್ಪ ಸುಮ್ಮನಿರಿ ಎಂದೆ. ಅವರಿಗೆ ಬೆನ್ನು ಹಾಕಿ ಕೂತಿದ್ದರಿಂದ ನನ್ನ ಮುಖ ಕಾಣಲಿಲ್ಲ, ಅಷ್ಟರಮಟ್ಟಿಗೆ ಬದುಕಿದೆ.

ಅವರ ಅವಸರವೂ ಸುಳ್ಳಲ್ಲ. ಒಂಬತ್ತು ದಿನದ ಹಿಂದೆ, ನೀರಿನ ಪರೀಕ್ಷಾಲಯದ ತಾರಸಿಯಿಂದ ಬಿದ್ದು ಸತ್ತ ಹುಡುಗಿಯ ಕಂಪ್ಯೂಟರ್ ಇದು. ಅವಳಾಗಿಯೇ ಹಾರಿದಳು ಎಂದು ಬರೆದ ಕಡತ ಇವತ್ತು ಸಂಜೆ ಐದಕ್ಕೆ ಮೇಲಿನವರಿಗೆ ಹೋಗಬೇಕು. ಹೋಯಿತೆಂದರೆ ಮುಗಿಯಿತು, ಮತ್ತೆ ಯಾರೂ ಬಿಚ್ಚುವುದಿಲ್ಲ. ಗೋಡೆಯ ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಹುಡುಗಿಯ ತಾಯಿ ಬೆಳಿಗ್ಗೆಯಿಂದ ಕೂತಿದ್ದರು. ಎರಡು ಬೀದಿ ಆಚೆ ಬಟ್ಟೆ ಹೊಲಿಯುವ ಹೆಂಗಸು. ಊರೆಲ್ಲ ಅವರನ್ನು ಹೊಲಿಗೆಯಮ್ಮ ಎನ್ನುತ್ತದೆ, ಅಂಗಿಯ ಕೊರಳಪಟ್ಟಿಯಲ್ಲಿ ಈಗಲೂ ಎರಡು ಸೂಜಿ ಸಿಕ್ಕಿಸಿಕೊಂಡೇ ಬಂದಿದ್ದರು. ಅವರು ಕೇಳಿದ್ದು ಒಂದೇ: ನನ್ನ ಪುಟ್ಟಿ ಯಾಕೆ ಹೋದಳು, ಅದರಲ್ಲಿ ಇದೆಯಾ ನೋಡಿ ಹೇಳಮ್ಮ. ಟೀ ಕೊಟ್ಟರೆ ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ಇದ್ದರು.

ಕೆಟ್ಟ ಕಂಪ್ಯೂಟರಿಗೆ ಎರಡು ಮದ್ದು. ಒಂದು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು. ಅರ್ಧ ಗಂಟೆಯ ಕೆಲಸ, ಬೀದಿಗೊಬ್ಬ ಇದ್ದಾನೆ ಮಾಡಲು. ಒಳಗಿದ್ದ ಕಾಗದ, ಫೋಟೊ, ಲೆಕ್ಕಪತ್ರ ಎಲ್ಲ ಹೋದವು ಎಂದು ಗಿರಾಕಿ ಗೋಳಾಡುವಾಗ ಈ ಮಹಾಶಯರು ಭುಜ ಹಾರಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಇನ್ನೊಂದು ಮದ್ದು, ಕಂಪ್ಯೂಟರಿನ ಜೊತೆ ಬಂದ ಮೂಲ ಡಿಸ್ಕನ್ನು ಹಾಕಿ, ಯಾವ ಫೈಲು ಹಾಳಾಗಿದೆಯೋ ಅದೊಂದನ್ನೇ ಡಿಸ್ಕಿನಿಂದ ತಂದು ಕೂರಿಸುವುದು. ಮನೆಯವರ ಒಂದು ಚಮಚವನ್ನೂ ಅಲ್ಲಾಡಿಸದೆ ಬಾಗಿಲು ರಿಪೇರಿ ಮಾಡಿದ ಹಾಗೆ. ಅದಕ್ಕೆಂದೇ ಇಪ್ಪತ್ತು ವರ್ಷದ ಮೂಲ ಡಿಸ್ಕುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿ ಇಟ್ಟುಕೊಂಡಿದ್ದೇನೆ. ಡಿಸ್ಕಕ್ಕ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಂಡವರೇ ಕೊನೆಗೆ ನನ್ನ ಮೆಟ್ಟಿಲು ಹತ್ತುತ್ತಾರೆ.

ಬೆಳಿಗ್ಗೆ ಈ ಯಂತ್ರ ಶುರುವಾಗಲೇ ಇಲ್ಲ. ವಯಸ್ಸಾದ ಯಂತ್ರ, ಸವೆದಿರಬೇಕು ಎಂದುಕೊಂಡೆ. ಒಳಗಿನ ಹಾರ್ಡ್ ಡಿಸ್ಕಿನ ತಟ್ಟೆಯನ್ನು ಮೂಲೆಮೂಲೆ ಪರೀಕ್ಷಿಸಿದರೆ ಗುಂಡುಕಲ್ಲಿನ ಹಾಗೆ ಗಟ್ಟಿ. ವೈರಸ್ಸಿನ ಸುಳಿವಿಲ್ಲ. ತಾನಾಗಿ ಕೆಟ್ಟ ಯಂತ್ರದಲ್ಲಿ ಅಲ್ಲೊಂದು ಇಲ್ಲೊಂದು ಅಡ್ಡಾದಿಡ್ಡಿ ಹಾಳಾಗಿರುತ್ತದೆ. ಇಲ್ಲಿ ಹಾಗಿರಲಿಲ್ಲ, ಫೈಲುಗಳನ್ನು ಎತ್ತಿಟ್ಟ ಹಾಗೆ ತೆಗೆಯಲಾಗಿತ್ತು. ಮೊದಲನೆಯದನ್ನು ಕೂರಿಸಿದರೆ ಎರಡನೆಯದು ಇಲ್ಲ, ಎರಡನೆಯದನ್ನು ಕೂರಿಸಿದರೆ ಮೂರನೆಯದು ಇಲ್ಲ. ಐದೇ ಐದು. ಐದೂ ಡಿಸ್ಕಿನಲ್ಲಿ ಸಿಗುವಂಥವು. ಡಿಸ್ಕು ಹಿಂದಕ್ಕೆ ಕೊಡಲಾರದ ಒಂದೇ ಒಂದು ಅಕ್ಷರವನ್ನೂ ಆ ಕೈ ಮುಟ್ಟಿರಲಿಲ್ಲ.

ಮುಚ್ಚಿಹಾಕಬೇಕೆಂದವನು ಹೀಗೆ ಮಾಡುವುದಿಲ್ಲ. ತಿಳಿಯದವನಾದರೆ ಕಂಪ್ಯೂಟರನ್ನೇ ಎತ್ತಿ ಬಾವಿಗೆ ಹಾಕುತ್ತಾನೆ, ತಿಳಿದವನಾದರೆ ಎಲ್ಲ ಅಳಿಸುತ್ತಾನೆ.

ಹದಿನಾರು ವರ್ಷದ ಹಿಂದೆ, ಹಳೆಯ ಯಂತ್ರವೊಂದರಿಂದ ಇದೇ ಐದು ಫೈಲುಗಳನ್ನು, ಇದೇ ಸಾಲಿನಲ್ಲಿ ತೆಗೆದವಳು ನಾನು. ತೆಗೆದು, ಡಿಸ್ಕನ್ನು ಕೈಗೆ ಕೊಟ್ಟು, ಒಂದಕ್ಷರವೂ ಅಳಿಯದ ಹಾಗೆ ಬದುಕಿಸು ನೋಡೋಣ ಎಂದಿದ್ದೆ. ಅದು ನನ್ನ ಅಂಗಡಿಯ ಮೊದಲ ಪಾಠ, ಮೊದಲ ಪರೀಕ್ಷೆ. ಆ ಪಾಠ ಕಲಿತವನು ಲೋಕದಲ್ಲಿ ಒಬ್ಬನೇ.

ಒಳಗಿನ ಕೋಣೆಯಲ್ಲಿ ನನ್ನ ತಮ್ಮ ಕೀಲಿಮಣೆಯೊಂದನ್ನು ಬಿಚ್ಚುತ್ತಾ ಕೂತಿದ್ದ.

ಇನ್ಸ್‌ಪೆಕ್ಟರ್ ತಮ್ಮ ಫೋನು ನೋಡಿಕೊಂಡು ಗೊಣಗಿದರು. ಪರೀಕ್ಷಾಲಯದ ದೊಡ್ಡ ಸಾಹೇಬರು ಇವತ್ತು ಮೂರು ಸಲ ಫೋನು ಮಾಡಿ, ಕಂಪ್ಯೂಟರ್ ಸರಿಯಾಯಿತಾ ಎಂದು ಕೇಳಿದರಂತೆ. ಅದನ್ನು ರಿಪೇರಿಗೆ ಕಳಿಸಿ ಎಂದು ಹಟ ಹಿಡಿದವರೂ ಅವರೇ ಅಂತೆ. ಪಾಪ, ಸತ್ತ ಹುಡುಗಿಯ ಮೇಲೆ ಎಷ್ಟು ಕಾಳಜಿ, ಒಳ್ಳೆ ಮನುಷ್ಯ ಎಂದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ನಿಮಿಷ ಇಲ್ಲೇ ಇರಿ, ಏನನ್ನೂ ಮುಟ್ಟಬೇಡಿ ಎಂದು ಹೇಳಿ ಒಳಗೆ ಹೋದೆ.

ತಮ್ಮ ಹದಿನೆಂಟಕ್ಕೆ ನನ್ನ ಅಂಗಡಿಗೆ ಬಂದವನು, ಈಗ ಮೂವತ್ನಾಲ್ಕು. ಸಣ್ಣ ಸ್ಕ್ರೂಗಳನ್ನೆಲ್ಲ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಜೋಡಿಸಿದ್ದ. ಅದೂ ನಾನೇ ಕಲಿಸಿದ್ದು.

“ಐದನೆಯದೂ ಅದೇ ಕಣೋ,” ಎಂದೆ.

ಅವನು ತಲೆ ಎತ್ತಲಿಲ್ಲ. ಬೆರಳು ಮಾತ್ರ ನಿಂತಿತು.

“ಬೆಳಿಗ್ಗೆ ಇದನ್ನ ನೋಡಿದ್ದೇ, ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡು ಅಕ್ಕ ಅಂದೆ. ನೀನು ಯಾವತ್ತಾದ್ರೂ ಹಾಗಂದಿದ್ದೀಯಾ? ಆಗಲೇ ನಂಗೆ ಅನುಮಾನ ಬರಬೇಕಿತ್ತು. ನನ್ನ ದಡ್ಡತನ.”

ಅವನು ಮತ್ತೊಂದು ಸ್ಕ್ರೂ ಎತ್ತಿ ಸಾಲಿಗೆ ಸೇರಿಸಿದ. ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ತಡೆದುಕೊಳ್ಳಲಾಗದೆ, ಕೇಳಬಾರದ್ದನ್ನು ಕೇಳಿಬಿಟ್ಟೆ.

“ನೀನು ಅವಳನ್ನ ತಳ್ಳಿದ್ಯಾ?”

ಆಗ ಅವನು ನನ್ನ ಮುಖ ನೋಡಿದ. ಅಕ್ಕಾ ಎಂದ, ಅಷ್ಟೇ. ಹೆತ್ತವರಿಲ್ಲದ ಮನೆಯಲ್ಲಿ ನಾನೇ ಊಟ ಹಾಕಿ ಬೆಳೆಸಿದ ಹುಡುಗ. ಚಿಕ್ಕಂದಿನಲ್ಲಿ ಒಂದೇ ಒಂದು ಸಲ, ಮಾಡದ ತಪ್ಪಿಗೆ ನನ್ನ ಕೈಲಿ ಏಟು ತಿಂದಾಗ ಹೀಗೆ ನೋಡಿದ್ದ.

ಆಮೇಲೆ ಅವನೇ ಹೇಳಿದ, ಸ್ಕ್ರೂಗಳನ್ನು ನೋಡುತ್ತಲೇ. ಎರಡು ವರ್ಷದಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದರಂತೆ. ಪರೀಕ್ಷಾಲಯದ ಪ್ರಿಂಟರಿಗೆ ಏನು ಬಂದಿದೆಯೋ, ವಾರಕ್ಕೆ ಎರಡು ಸಲ ಕೆಡುತ್ತದಲ್ಲ ಎಂದು ನಾನು ಅವನನ್ನು ಗೇಲಿ ಮಾಡುತ್ತಿದ್ದೆ. ಪ್ರಿಂಟರ್ ಚೆನ್ನಾಗಿಯೇ ಇತ್ತಂತೆ. ಮುಂದಿನ ತಿಂಗಳು ನನಗೂ ಅವಳ ತಾಯಿಗೂ ಒಟ್ಟಿಗೇ ಹೇಳುವುದು ಎಂದುಕೊಂಡಿದ್ದರಂತೆ. ಒಂದೇ ಮನೆಯಲ್ಲಿ ಇದ್ದುಕೊಂಡು, ಒಂಬತ್ತು ದಿನದಿಂದ ಇವನು ತಟ್ಟೆಯ ಮುಂದೆ ಕೂತು ಎದ್ದುಹೋಗುವುದನ್ನು ನೋಡಿಯೂ, ಹೊಟ್ಟೆ ಸರಿ ಇಲ್ಲವೇನೋ ಎಂದು ಮಾತ್ರೆ ಕೊಟ್ಟವಳು ನಾನು.

ಆ ದಿನ ಮೂರು ಗಂಟೆಗೆ ಅವನು ಅಲ್ಲಿಗೆ ಹೋದಾಗ ಕಟ್ಟಡದ ಹಿಂದೆ ಜನ ಸೇರಿತ್ತು. ಮುಚ್ಚಿದ ಬಟ್ಟೆಯ ಹೊರಗೆ ಅವಳ ಕೈ ಕಂಡಿತಂತೆ. ಯಾರಿಗೂ ಏನೂ ಹೇಳುವ ಹಾಗಿರಲಿಲ್ಲ, ಯಾರೆಂದು ಹೇಳಿಕೊಂಡು ಅಳಬೇಕು? ಹಿಂದಿನ ಮೆಟ್ಟಿಲು ಹತ್ತಿ ಅವಳ ಕೋಣೆಗೆ ಹೋದನಂತೆ. ಕುರ್ಚಿ ಖಾಲಿ, ಫೋನು ಮೇಜಿನ ಮೇಲೆ, ಕಂಪ್ಯೂಟರ್ ಚಾಲೂ ಇತ್ತು. ಪರದೆಯ ಮೇಲೆ ತಾಯಿಗೆ ಬರೆದ ಪತ್ರ ತೆರೆದೇ ಇತ್ತು. ಅದನ್ನು ಅವನು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ.

“ಅಮ್ಮ, ನಾನಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂದೆಯಲ್ಲ. ಹಾಗಾದರೆ ಇಲ್ಲದಿರುವುದೇ ಒಳ್ಳೆಯದು. ಯಾರನ್ನೂ ದೂರಬೇಡ. ನಿನ್ನ ಮಗಳು.”

ನನಗೆ ಹೊರಗಿನ ಬೆಂಚು ನೆನಪಾಯಿತು.

“ಇದನ್ನ ಆಯಮ್ಮ ಓದಿದ್ರೆ ಬದುಕ್ತಾರಾ ಅಕ್ಕ? ಅಳಿಸೋಣ ಅಂತ ಬೆರಳು ಇಟ್ಟೆ. ಆಗಲಿಲ್ಲ. ಅವಳು ಕೊನೇಲಿ ಬರೆದಿದ್ದು. ಅದನ್ನ ಅಳಿಸಿದ್ರೆ ಯಾವ ಡಿಸ್ಕು ವಾಪಸ್ ಕೊಡುತ್ತೆ?”

ಚೀಲದಲ್ಲಿ ನಮ್ಮ ಅಂಗಡಿಯ ಡಿಸ್ಕ್ ಇತ್ತಂತೆ. ಅದರಿಂದ ಯಂತ್ರವನ್ನು ಎಬ್ಬಿಸಿ, ಐದು ಫೈಲು ತೆಗೆದು, ಬಾಗಿಲು ಮುಚ್ಚಿ ಬಂದನಂತೆ. ಕೆಟ್ಟ ಕಂಪ್ಯೂಟರನ್ನು ಹೇಗೂ ಮೂಲೆಗೆ ಎಸೆಯುತ್ತಾರೆ, ಆಮೇಲೆ ಕೇಳಿ ತೆಗೆದುಕೊಂಡು ತನ್ನ ಹತ್ತಿರವೇ ಇಟ್ಟುಕೊಳ್ಳುವುದು ಎಂದುಕೊಂಡಿದ್ದನಂತೆ.

“ಬೆಳಿಗ್ಗೆ ಇದು ಇಲ್ಲಿಗೇ ಬಂದಿದ್ದು ನೋಡಿ, ಬೇರೆ ದಾರಿ ಕಾಣದೆ ಅಳಿಸು ಅಂದೆ. ಐದನೆಯದನ್ನ ಕೂರಿಸಬೇಡ ಅಕ್ಕ. ಕಡತದಲ್ಲಿ ಅವರು ಏನಾದ್ರೂ ಬರೆದುಕೊಳ್ಳಲಿ. ಕಾರಣ ಗೊತ್ತಿಲ್ಲ ಅಂತ ಇದ್ರೆ ಆಯಮ್ಮ ಹೇಗೋ ಬದುಕ್ತಾರೆ.”

ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಹೊರಗೆ ಹೋಗಿ, ಆಗಲಿಲ್ಲ ಸ್ವಾಮಿ, ಯಂತ್ರ ಸತ್ತಿದೆ ಎಂದರೆ ಯಾರಿಗೆ ಗೊತ್ತಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಬದುಕಿರುವ ಯಂತ್ರವನ್ನು ಸತ್ತಿದೆ ಎಂದು ಒಮ್ಮೆಯೂ ಹೇಳಿದವಳಲ್ಲ. ಇವತ್ತು ಹೇಳುವುದಕ್ಕೆ ಬಾಯಿ ತೆರೆದಿದ್ದೆ.

“ಕೂರಿಸಮ್ಮ,” ಎಂದರು ಯಾರೋ.

ಹೊಲಿಗೆಯಮ್ಮ ಬಾಗಿಲಲ್ಲಿ ನಿಂತಿದ್ದರು. ಲೋಟ ವಾಪಸ್ ಕೊಡಲು ಒಳಗೆ ಬಂದಿದ್ದರಂತೆ. ತಣ್ಣಗಾದ ಟೀ ಹಾಗೇ ಇತ್ತು. ಎಷ್ಟು ಕೇಳಿಸಿಕೊಂಡಿದ್ದರೋ. ತಮ್ಮ ಎದ್ದು ನಿಂತ, ಮುಚ್ಚಳ ಉರುಳಿ ಸ್ಕ್ರೂಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಅಳತೆ ತೆಗೆದುಕೊಳ್ಳುವವರ ಹಾಗೆ.

“ನೀನೇನಪ್ಪ ಅದು,” ಎಂದರು. “ಅವಳು ಎಷ್ಟೋ ತಿಂಗಳಿಂದ ಫೋನು ಹಿಡಿದು ನಗ್ತಾ ಇದ್ಲು. ಯಾರೇ ಅಂದ್ರೆ, ಪ್ರಿಂಟರ್ ಅಂತಿದ್ಲು.”

ತಮ್ಮ ಮುಖ ಮುಚ್ಚಿಕೊಂಡ. ಒಂಬತ್ತು ದಿನದಲ್ಲಿ ಅವನು ಅತ್ತದ್ದನ್ನು ನಾನು ಆಗಲೇ ನೋಡಿದ್ದು. ಹೊಲಿಗೆಯಮ್ಮ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು.

ಐದನೆಯ ಫೈಲನ್ನು ಕೂರಿಸುವಾಗ ಹೆಸರು ಎರಡು ಸಲ ತಪ್ಪು ಒತ್ತಿದೆ. ಏನು ನಡೆಯಿತೆಂದು ಇನ್ಸ್‌ಪೆಕ್ಟರಿಗೆ ನಾನೇ ನಾಲ್ಕು ಮಾತಿನಲ್ಲಿ ಹೇಳಿದೆ, ನನ್ನ ತಮ್ಮನನ್ನು ನಾನೇ ಹಿಡಿದುಕೊಟ್ಟ ಹಾಗಾಯಿತು. ಅವರು ಲವಂಗ ಅಗಿಯುವುದನ್ನು ನಿಲ್ಲಿಸಿದರು. ನಿನ್ನ ವಿಷಯ ಆಮೇಲೆ ನೋಡ್ತೀನಿ ಎಂದು ಅವನಿಗೆ ಹೇಳಿ, ಕುರ್ಚಿ ಎಳೆದುಕೊಂಡು ಕೂತರು.

ಯಂತ್ರ ಶುರುವಾಯಿತು. ಪರದೆಯ ತುಂಬ ಒಂದು ಫೋಟೊ ಬಂತು. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತ ಹೆಂಗಸು, ಹಿಂದಿನಿಂದ ತೆಗೆದದ್ದು, ಕೊರಳಪಟ್ಟಿಯಲ್ಲಿ ಸೂಜಿ ಹೊಳೆಯುತ್ತಿತ್ತು. ಇದನ್ನು ಯಾವಾಗ ತೆಗೆದಳು ಎಂದು ಹೊಲಿಗೆಯಮ್ಮ ತಮಗೆ ತಾವೇ ಕೇಳಿಕೊಂಡರು. ಫೋಟೊದ ಮೂಲೆಯಲ್ಲಿ ಪತ್ರ ಇತ್ತು. ತೆರೆದೆ.

ಅವರು ಅಕ್ಷರ ಅಕ್ಷರವಾಗಿ ಓದಿದರು, ತುಟಿ ಅಲ್ಲಾಡುತ್ತಿತ್ತು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ನಾನು ಅವರ ಬೆನ್ನ ಹಿಂದೆ ಕೈ ಇಟ್ಟುಕೊಂಡೇ ನಿಂತಿದ್ದೆ, ಬಿದ್ದರೆ ಹಿಡಿಯೋಣವೆಂದು. ಅವರು ಬೀಳಲಿಲ್ಲ.

“ಈ ಮಾತು ನಾನೇ ಆಡಿದ್ದು,” ಎಂದರು. “ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳಲಿ?”

ಆಮೇಲೆ ಹೇಳಿದರು. ಯಾವುದೋ ಬಾವಿಯ ನೀರು ಕುಡಿಯಲು ಯೋಗ್ಯ ಎಂದು ಬರೆದ ವರದಿಗೆ ಸಹಿ ಹಾಕು ಎಂದು ಆಫೀಸಿನಲ್ಲಿ ಮಗಳ ಮೇಲೆ ಒತ್ತಡ ಇತ್ತಂತೆ. ಅವಳು ಹಾಕುವುದಿಲ್ಲ ಎಂದು ಕೂತಿದ್ದಳು. ಕೆಲಸ ಹೋದರೆ ಏನು ಗತಿ ಎಂದು ತಾಯಿಗೆ ದಿಗಿಲು. ಆ ದಿನ ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು. ಮಗಳು ಊಟದ ಡಬ್ಬಿ ಬಿಟ್ಟು ಹೋದಳು. ಮಧ್ಯಾಹ್ನ ಡಬ್ಬಿ ಕಣ್ಣಿಗೆ ಬಿದ್ದು ಇನ್ನಷ್ಟು ಸಿಟ್ಟು ಬಂದು ಫೋನು ಮಾಡಿದರು. ಅವಳು ಎತ್ತಿದಳು, ಆದರೆ ಮಾತಾಡಲಿಲ್ಲ. ಸುಮ್ಮನಿರುವುದನ್ನು ಕಂಡು ಮೈ ಉರಿಯಿತು, ನಿನ್ನಂಥ ಮಗಳು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಅಂದುಬಿಟ್ಟರು.

“ಅಂದ ಮೇಲೆ ನನಗೇ ಕೆಟ್ಟದೆನಿಸಿತು. ಸರಿ ಬಿಡು, ಸಂಜೆ ಬೇಗ ಬಾ, ನಿನ್ನ ಹಸಿರು ಅಂಗಿಗೆ ಜೇಬು ಹೊಲಿದಿಟ್ಟಿದ್ದೀನಿ ಅಂದೆ. ಆಗಲೂ ಅವಳು ಮಾತಾಡಲಿಲ್ಲ. ಆ ಫೋನಿಗೇ ಅವಳು ಹೋದ್ಲು ಕಣಮ್ಮ. ನಾನೇ ಕೊಂದೆ.”

ಎದೆಯಲ್ಲಿಟ್ಟುಕೊಂಡು ಒಂಬತ್ತು ದಿನ ಹೊತ್ತಿದ್ದ ಮಾತು ಅದು. ತಮ್ಮ ಅವರ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಿದ್ದ. ಸಮಾಧಾನದ ಯಾವ ಮಾತೂ ಆ ಜಾಗಕ್ಕೆ ಕೂರುವಂಥದ್ದಲ್ಲ.

ಇನ್ಸ್‌ಪೆಕ್ಟರ್ ಮಾತ್ರ ಬಹಳ ಮೆಲ್ಲಗೆ ಕೇಳಿದರು.

“ಅಮ್ಮಾ, ಆ ಫೋನು ಎಷ್ಟು ಹೊತ್ತಿಗೆ ಮಾಡಿದ್ರಿ?”

ಅವರಿಗೆ ನೆನಪಿರಲಿಲ್ಲ. ಡಬ್ಬಿ ನೋಡಿದ ಮೇಲೆ ಎಂದರು. ತಮ್ಮದೇ ಸಣ್ಣ ಗುಂಡಿಯ ಫೋನನ್ನು ತೆಗೆದು ಕೊಟ್ಟರು. ಮಗಳನ್ನು ಬಿಟ್ಟರೆ ಯಾರಿಗೂ ಫೋನು ಮಾಡದ ಹೆಂಗಸು, ಪಟ್ಟಿಯಲ್ಲಿ ಮೊದಲನೆಯದೇ ಅದು. ಎರಡು ಗಂಟೆ ನಲವತ್ತು ನಿಮಿಷ. ಮೂರು ನಿಮಿಷ ಮಾತು.

ಇನ್ಸ್‌ಪೆಕ್ಟರ್ ತಮ್ಮ ಕಡತ ಬಿಚ್ಚಿದರು. ಹುಡುಗಿ ಬಿದ್ದಿರುವುದನ್ನು ತೋಟದವನು ನೋಡಿದ್ದು ಎರಡೂಕಾಲಿಗೆ. ಡಾಕ್ಟರು ಬಂದು, ಜೀವ ಇಲ್ಲ ಎಂದದ್ದು ಎರಡೂವರೆಗೆ. ಇದನ್ನು ಯಾರೂ ಆ ತಾಯಿಗೆ ಹೇಳಿರಲಿಲ್ಲ. ನಾಲ್ಕು ಗಂಟೆಗೆ ಮನೆಗೆ ಹೋಗಿ, ಮಧ್ಯಾಹ್ನ ಹೀಗಾಯಿತು ಎಂದಷ್ಟೇ ಹೇಳಿ ಬಂದಿದ್ದರು. ಅವಳ ಫೋನನ್ನೂ ಕಾಟಾಚಾರಕ್ಕೆ ನೋಡಿ ವಾಪಸ್ ಕೊಟ್ಟಿದ್ದರು. ಬೇರೆ ದಿನವಾಗಿದ್ದರೆ ಆ ಮನುಷ್ಯನಿಗೆ ನಾನು ಸರಿಯಾಗಿ ಬೈಯುತ್ತಿದ್ದೆ.

ನಾನು ಪತ್ರದ ಫೈಲಿನ ಹೊತ್ತು ನೋಡಿದೆ. ಉಳಿಸಿದ್ದು ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ. ತಮ್ಮನ ಕಡೆ ತಿರುಗಿದೆ. ಪ್ರತಿ ಫೈಲಿನ ತಾರೀಖು, ಹೊತ್ತು ನೋಡದೆ ಮುಟ್ಟಬೇಡ ಎಂದು ಕಲಿಸಿದ್ದೆನಲ್ಲೋ ಎನ್ನಬೇಕೆಂದಿದ್ದೆ, ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಅವನು ಅಂದು ನೋಡಿದ್ದು ಮಾತುಗಳನ್ನು ಮಾತ್ರ. ಅವಳದಲ್ಲದ ಮಾತುಗಳನ್ನು ಕಾಪಾಡಲು ಹೋಗಿ, ಅವಳನ್ನು ಕೊಂದವರನ್ನು ಒಂಬತ್ತು ದಿನ ಕಾಪಾಡಿದ್ದ. ಅದು ಅವನಿಗೂ ಆಗಲೇ ಗೊತ್ತಾಗಿತ್ತು.

ಪರೀಕ್ಷಾಲಯದ ಆರು ಜನ ಹೇಳಿಕೆ ಕೊಟ್ಟಿದ್ದಾರೆ, ಆರೂ ಜನ ಆ ಹೊತ್ತಿಗೆ ಕೆಳಗೇ ಇದ್ದೆವು ಎಂದಿದ್ದಾರೆ, ಅದರಲ್ಲಿ ಒಂದು ಸುಳ್ಳು ಎಂದರು ಇನ್ಸ್‌ಪೆಕ್ಟರ್. ಉಳಿದವರು ಶವದ ಸುತ್ತ ನಿಂತಿದ್ದಾಗ ಒಬ್ಬರು ಮೇಲೆ ಹೋಗಿದ್ದಾರೆ. ಮೇಜಿನ ಮೇಲೆ ಫೋನು ಹೊಡೆದುಕೊಂಡಿದೆ. ಎತ್ತಿದ್ದಾರೆ. ತಾಯಿ ಬೈದದ್ದನ್ನು ಪೂರ್ತಿ ಕೇಳಿಸಿಕೊಂಡು, ಅದನ್ನೇ ಇಟ್ಟುಕೊಂಡು ಪತ್ರ ಬರೆದಿದ್ದಾರೆ.

ಹೊಲಿಗೆಯಮ್ಮನಿಗೆ ಇದೆಲ್ಲ ತಲೆಗೆ ಹೋದಂತೆ ಕಾಣಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು. ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು.

“ಹಾಗಾದ್ರೆ ನನ್ನ ಮಾತು ಅವಳಿಗೆ ಕೇಳಿಸಲೇ ಇಲ್ವಾ?”

ಇಲ್ಲಮ್ಮ, ಕೇಳಿಸಲಿಲ್ಲ ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಒಂದು ಕ್ಷಣ ಅವರ ಮುಖ ಹಗುರಾಯಿತು. ಆಮೇಲೆ ಇನ್ನೇನೋ ಹೊಳೆದು ಮತ್ತೆ ಕುಸಿಯಿತು.

“ಜೇಬಿನ ಮಾತೂ ಕೇಳಿಸಲಿಲ್ಲ,” ಎಂದರು.

ಆಗ ಇನ್ಸ್‌ಪೆಕ್ಟರರ ಫೋನು ಹೊಡೆದುಕೊಂಡಿತು. ಪರೀಕ್ಷಾಲಯದ ದೊಡ್ಡ ಸಾಹೇಬರು, ಇವತ್ತಿಗೆ ನಾಲ್ಕನೆಯ ಸಲ. ಇನ್ಸ್‌ಪೆಕ್ಟರ್ ನಮ್ಮೆಲ್ಲರಿಗೂ ಬೆರಳು ತೋರಿಸಿ ಸುಮ್ಮನಿರಲು ಹೇಳಿ, ಮಾತು ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಜಿನ ಮೇಲಿಟ್ಟರು. ಹೌದು ಸಾರ್, ಈಗಷ್ಟೇ ಕಂಪ್ಯೂಟರ್ ಎದ್ದಿತು ಎಂದರು. ಬೇರೆ ಏನೂ ಹೇಳಲಿಲ್ಲ.

“ಸದ್ಯ, ಒಳ್ಳೇದಾಯ್ತು,” ಎಂದಿತು ದನಿ. ಮೃದುವಾದ, ಓದಿದವರ ದನಿ. “ಪತ್ರಗಿತ್ರ ಏನಾದ್ರೂ ಬರೆದಿಟ್ಟಿದ್ದಾಳಾ? ಪಾಪ, ಆ ತಾಯಿಗೂ ಒಂದು ಕಾರಣ ಗೊತ್ತಾಗಲಿ.”

ಒಳ್ಳೆ ಮನುಷ್ಯ ಎಂದಿದ್ದ ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಲ್ಲಿ ಯಾರಾದರೂ ಬಾಯಿ ತೆರೆಯುವ ಮೊದಲೇ ಹೊಲಿಗೆಯಮ್ಮ ಕೈ ಚಾಚಿ ಫೋನನ್ನು ತೆಗೆದುಕೊಂಡರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದರು. ಸಿಟ್ಟಿರಲಿಲ್ಲ, ಗಟ್ಟಿ ದನಿಯೂ ಅಲ್ಲ.

“ನಾನು ಅವಳ ತಾಯಿ ಸ್ವಾಮಿ. ಅವತ್ತು ಫೋನಿನಲ್ಲಿ ಕೊನೆಗೆ ಹಸಿರು ಅಂಗಿಯ ಜೇಬಿನ ಮಾತು ಹೇಳಿದ್ನಲ್ಲ. ಅದನ್ನ ಯಾಕೆ ಬರೀಲಿಲ್ಲ?”

ಆ ಕಡೆಯಿಂದ ಉತ್ತರ ಬರಲಿಲ್ಲ. ಫೋನು ಕಟ್ಟಾಗಲೂ ಇಲ್ಲ. ಎಲ್ಲೋ ಫ್ಯಾನು ತಿರುಗುವ ಸದ್ದು ಮಾತ್ರ ಸಣ್ಣಗೆ ಕೇಳಿಸುತ್ತಿತ್ತು. ಇನ್ಸ್‌ಪೆಕ್ಟರ್ ಮೆಲ್ಲಗೆ ಎದ್ದು ಜೀಪಿನ ಕೀ ತೆಗೆದುಕೊಂಡರು. ಹೊಲಿಗೆಯಮ್ಮ ಕತ್ತು ವಾಲಿಸಿ ಆ ಸುಮ್ಮನಿರುವಿಕೆಯನ್ನು ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡರು, ಆಮೇಲೆ ಫೋನನ್ನು ನಮ್ಮ ಕಡೆ ಹಿಡಿದರು.

“ಇದೇ,” ಎಂದರು. “ಅವತ್ತೂ ಹೀಗೇ ಇತ್ತು.”